ನಾಳೆ ಇನ್ನೊಂದು ಮ್ಯಾಚಿದೆ

ಟೊರಾಂಟೊ ಕ್ರಿಕೆಟ್, ಸ್ಕೇಟಿಂಗ್ ಅಂಡ್ ಕರ್ಲಿಂಗ್ ಕ್ಲಬ್. ಕಾಮೆಂಟರಿಯವರು ಈ ಹೆಸರನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದಾಗ ನಮ್ಮ ಸೋದರಮಾವ, "ಇದೇನೋ ಇದು, ಲಗ್ನಪತ್ರಿಕೆ ಇದ್ದ ಹಾಗಿದೆ. ಇಷ್ಟು ಜನರನ್ನು ಕರೆದವರು ಸಮಸ್ತ ಬಂಧುಬಾಂಧವರನ್ನು ಯಾಕೆ ಬಿಟ್ಟರು?" ಎಂದಿದ್ದರು. ಐಸಿನ ಮೇಲೆ ಜಾರುವವರಿಗೂ ಕ್ರಿಕೆಟ್ಟಿಗೂ ಏನು ನಂಟು ಎಂಬುದು ಅವರ ಸಂಶಯ. ನಂಟು ಇದೆ. 1827ರಲ್ಲಿ ಹುಟ್ಟಿದ ಕ್ರಿಕೆಟ್ ಕ್ಲಬ್ಬೂ ಆಮೇಲೆ ಹುಟ್ಟಿದ ಸ್ಕೇಟಿಂಗ್ ಕ್ಲಬ್ಬೂ 1957ರಲ್ಲಿ ಒಂದೇ ಕಾಂಪೌಂಡಿನ ಒಕ್ಕಲಾದವು. ಬೇಸಿಗೆಯಲ್ಲಿ ಬ್ಯಾಟು, ಚಳಿಗಾಲದಲ್ಲಿ ಸ್ಕೇಟು. ಕೊರಿಯಾದ ಯುನಾ ಕಿಮ್, ಜಪಾನಿನ ಯುಜುರು ಹನ್ಯು ಒಲಿಂಪಿಕ್ ಚಿನ್ನಕ್ಕೆ ಅಭ್ಯಾಸ ಮಾಡಿದ್ದು ಇಲ್ಲೇ. ಲೋಕ ಈ ಕ್ಲಬ್ಬನ್ನು ನೆನೆಯುವುದು ಅವರಿಬ್ಬರ ನೆಪದಲ್ಲಿ. ತಿಪಟೂರಿನ ಒಂದು ಬೀದಿಯಲ್ಲಿ ಮಾತ್ರ ಅದರ ನೆನಪು ಬೇರೆಯದೇ.

ಕೆನಡಾದವರಿಗೆ ಕ್ರಿಕೆಟ್ ಗೊತ್ತಿಲ್ಲ ಎಂದು ನಾವೆಲ್ಲ ನಗಾಡುತ್ತಿದ್ದೆವು. ಜಗತ್ತಿನ ಮೊತ್ತಮೊದಲ ಅಂತರರಾಷ್ಟ್ರೀಯ ಕ್ರಿಕೆಟ್ ಪಂದ್ಯ ಆಡಿದ್ದೇ ಅವರು. 1844ರಲ್ಲಿ, ನ್ಯೂಯಾರ್ಕಿನಲ್ಲಿ, ಅಮೆರಿಕದ ವಿರುದ್ಧ. ಗೆದ್ದವರೂ ಅವರೇ. ಆಮೇಲೆ ಅವರ ಮನಸ್ಸು ಹಾಕಿಯ ಕಡೆ ಹೋಯಿತು, ಕ್ರಿಕೆಟ್ ನಮ್ಮ ಪಾಲಿಗೆ ಉಳಿಯಿತು.

1996, 1997, 1998. ಮೂರು ವರ್ಷ, ಮೂರು ಸೆಪ್ಟೆಂಬರ್. ಎಂಟೊಂಬತ್ತು ದಿನದೊಳಗೆ ಭಾರತ ಮತ್ತು ಪಾಕಿಸ್ತಾನ ಆ ಕ್ಲಬ್ಬಿನ ಮೈದಾನದಲ್ಲಿ ಐದೈದು ಒಂದು ದಿನದ ಪಂದ್ಯ ಆಡಿ ತಂತಮ್ಮ ದಾರಿ ಹಿಡಿಯುತ್ತಿದ್ದವು. ಸಹಾರಾ ಕಪ್ ಎಂದು ಕರೆಯುತ್ತಿದ್ದರು. ಇಡೀ ಹೆಸರಿನಲ್ಲಿ 'ಫ್ರೆಂಡ್‌ಶಿಪ್' ಎಂಬುದೂ ಒಂದಿತ್ತು. ಅದಕ್ಕೆ ಮುಂಚೆ ನಮ್ಮ ತಂಡ ಪಾಕಿಸ್ತಾನಕ್ಕೆ ಪ್ರವಾಸ ಹೋಗಿದ್ದು 1989ರ ಕೊನೆಯಲ್ಲಿ, ಸಚಿನ್ ಹದಿನಾರರ ಹುಡುಗನಾಗಿ ಮೊದಲ ಟೆಸ್ಟ್ ಆಡಿದ ಸಲ. ಅಲ್ಲಿಂದಾಚೆಗೆ ಅವರ ಮನೆಗೆ ನಾವಿಲ್ಲ, ನಮ್ಮ ಮನೆಗೆ ಅವರಿಲ್ಲ ಎಂಬ ಸ್ಥಿತಿ. ವಿಶ್ವಕಪ್ಪಿಗೆಂದು 1996ರ ಮಾರ್ಚಿನಲ್ಲಿ ಅವರು ಬೆಂಗಳೂರಿಗೆ ಬಂದು ಕ್ವಾರ್ಟರ್ ಫೈನಲ್ ಆಡಿದ್ದರು. ಅಮೀರ್ ಸೊಹೈಲ್ ಫೋರ್ ಹೊಡೆದು ಬೌಂಡರಿಯ ಕಡೆ ಬ್ಯಾಟು ತೋರಿಸಿದ್ದು, ಮುಂದಿನ ಎಸೆತದಲ್ಲೇ ನಮ್ಮ ವೆಂಕಟೇಶ್ ಪ್ರಸಾದ್ ಅವರ ಸ್ಟಂಪ್ ಕಿತ್ತಿದ್ದು, ಎಲ್ಲ ಆ ರಾತ್ರಿಯದೇ. ಆ ಬಿಸಿ ಆರುವ ಮುಂಚೆ ಟೊರಾಂಟೊ ಬಂತು.

ಶಾರ್ಜಾ ಇತ್ತಲ್ಲ ಎನ್ನಬಹುದು. ಶಾರ್ಜಾ ಎಂದರೆ ನಮ್ಮ ಕಡೆಯವರಿಗೆ ಒಂದು ಅಳುಕು. 1986ರ ಏಪ್ರಿಲ್ 18ರಂದು ಕೊನೆಯ ಎಸೆತಕ್ಕೆ ಜಾವೇದ್ ಮಿಯಾಂದಾದ್ ಹೊಡೆದ ಸಿಕ್ಸರು ಹತ್ತು ವರ್ಷವಾದರೂ ಇನ್ನೂ ಕೆಳಗೆ ಬಿದ್ದಿರಲಿಲ್ಲ. ಶುಕ್ರವಾರ ಶಾರ್ಜಾದಲ್ಲಿ ಮ್ಯಾಚು ಎಂದರೆ ಅರ್ಧ ಸೋತಂತೆಯೇ ಎಂದು ಟಿ.ವಿ. ಹಾಕುವ ಮೊದಲೇ ಹೇಳುವವರಿದ್ದರು. ಟೊರಾಂಟೊಗೆ ಆ ಋಣವಿರಲಿಲ್ಲ. ಅಲ್ಲಿ ಯಾರೂ ಯಾರಿಗೂ ಹಿಂದೆ ಏನೂ ಮಾಡಿರಲಿಲ್ಲ. ಸುತ್ತ ಮರ, ತಾತ್ಕಾಲಿಕವಾಗಿ ಕಟ್ಟಿದ ಸ್ಟ್ಯಾಂಡು, ಅದರಲ್ಲಿ ಕೆಲವೇ ಸಾವಿರ ಜನ. ಲಾಹೋರಿನಿಂದ ಹೋಗಿ ನೆಲೆಸಿದವರೂ ಲೂಧಿಯಾನದಿಂದ ಹೋಗಿ ನೆಲೆಸಿದವರೂ ಒಂದೇ ಹಲಗೆಯ ಮೇಲೆ ಸ್ವೆಟರ್ ಹಾಕಿಕೊಂಡು ಕೂತು, ಒಬ್ಬರ ಬಾವುಟ ಇನ್ನೊಬ್ಬರ ಮುಖಕ್ಕೆ ತಾಗುವಂತೆ ಬೀಸುತ್ತಿದ್ದರು.

ಆಟ ಯಾರಿಗಾಗಿ ನಡೆಯುತ್ತಿತ್ತು ಎಂಬುದರಲ್ಲಿ ಗುಟ್ಟೇನೂ ಇರಲಿಲ್ಲ. ಟೊರಾಂಟೊಗೂ ನಮಗೂ ಆ ತಿಂಗಳಲ್ಲಿ ಒಂಬತ್ತೂವರೆ ತಾಸಿನ ಅಂತರ. ಅಲ್ಲಿಯವರು ಬೆಳಗಿನ ಕಾಫಿ ಮುಗಿಸಿ ಮೈದಾನಕ್ಕೆ ಬಂದರೆ ನಮ್ಮಲ್ಲಿ ದೀಪ ಹಚ್ಚಿ, ಅಂಗಡಿ ಬಾಗಿಲೆಳೆದು, ಕೈಕಾಲು ತೊಳೆದು ಕೂರುವ ಹೊತ್ತು. ಜಾಹೀರಾತಿನವರಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಯಾವ ಜೋಯಿಸರೂ ತೆಗೆದುಕೊಡಲಾರರು. ಟೆಲಿವಿಷನ್ ಕಂಪನಿ ಹಣ ಹೂಡಿತ್ತು, ಪ್ರಾಯೋಜಕರು ಹೆಸರು ಕೊಟ್ಟಿದ್ದರು. ಈ ಸರಣಿಯಲ್ಲಿ ಗೆದ್ದರೆ ರ್‍ಯಾಂಕೂ ಇಲ್ಲ, ಮುಂದಿನ ಸುತ್ತೂ ಇಲ್ಲ. ಸೋತರೆ ಗಂಟುಮೂಟೆ ಕಟ್ಟುವ ಭಯವೂ ಇಲ್ಲ. ಕ್ರಿಕೆಟ್ ಪಂಡಿತರು ಇಂಥ ಸರಣಿಗಳನ್ನು 'ಅರ್ಥವಿಲ್ಲದ್ದು' ಎಂದು ಬೈದು ಬರೆದಿದ್ದಾರೆ. ಬೈಯಲಿ. ಅದರ ರುಚಿ ಇದ್ದದ್ದೇ ಆ ಅರ್ಥವಿಲ್ಲದಿರುವಿಕೆಯಲ್ಲಿ.

ನಾನಾಗ ತಿಪಟೂರಿನಲ್ಲಿ ಮಾವನ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಮಾವ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಬುಧವಾರ, ಶನಿವಾರ ಹರಾಜು. ಆ ಎರಡು ದಿನ ಅವರ ಬೆರಳು ಸಂಜೆಯ ಹೊತ್ತಿಗೆ ಇಂಕಿನಲ್ಲಿ ಅದ್ದಿ ತೆಗೆದಂತಿರುತ್ತಿತ್ತು, ಮೈಯೆಲ್ಲ ಕೊಬ್ಬರಿಯ ವಾಸನೆ. ಬೀದಿಯಲ್ಲಿ ಮೊದಲು ಕೇಬಲ್ ಎಳೆಸಿದ ಮನೆಗಳಲ್ಲಿ ಅವರದೂ ಒಂದು. ಅತ್ತೆಗೆ ಅದು ಕಣ್ಣಿನ ಕಸ. "ಹಗಲೆಲ್ಲ ಮಂಡಿ, ರಾತ್ರಿಯೆಲ್ಲ ಈ ಪೆಟ್ಟಿಗೆ. ನಾನೊಬ್ಬಳು ಈ ಮನೇಲಿ ಇದ್ದೀನಿ ಅಂತ ನಿಮ್ಮ ಮಾವಂಗೆ ಯಾರಾದ್ರೂ ಹೇಳ್ರೋ," ಎನ್ನುತ್ತಲೇ ಒಗ್ಗರಣೆ ಹಾಕಿದ ಅವಲಕ್ಕಿ ತಂದಿಟ್ಟು ಹೋಗುತ್ತಿದ್ದರು.

ಮೊದಲ ಪಂದ್ಯ 1996ರ ಸೆಪ್ಟೆಂಬರ್ 16ರಂದು. ಅಂದೇ ಗಣೇಶ ಚತುರ್ಥಿ. ಬೀದಿಯ ಕೊನೆಯಲ್ಲಿ ಹುಡುಗರು ಪೆಂಡಾಲ್ ಹಾಕಿ ಗಣಪತಿ ಕೂರಿಸಿದ್ದರು. ಮಂಗಳಾರತಿಗೆ ಇರಬೇಕೋ, ಮ್ಯಾಚಿಗೆ ಹೋಗಬೇಕೋ ಎಂಬ ಧರ್ಮಸಂಕಟ. ಕೊನೆಗೆ ಮಾವನೇ ದಾರಿ ಹುಡುಕಿದರು. ಟಿ.ವಿ.ಯನ್ನು ಪೆಂಡಾಲಿಗೇ ಹೊರಿಸಿ, ಎರಡು ಮನೆಯ ಮಾಡಿನ ಮೇಲೆ ಕೇಬಲ್ ವೈರು ಎಳೆಸಿದರು. ಟಿ.ವಿ. ಎದುರಿಗಿಟ್ಟರೆ ನೋಡುವವರು ದೇವರಿಗೆ ಬೆನ್ನು ಹಾಕಿದಂತಾಗುತ್ತದೆ ಎಂದು ಪೂಜೆಯ ಭಟ್ಟರ ಆಕ್ಷೇಪ ಬಂತು. ಸರಿ, ಗಣಪತಿಯ ಪಕ್ಕದಲ್ಲೇ ಒಂದು ಮೇಜು ಹಾಕಿ ಅದರ ಮೇಲೆ ಇಟ್ಟದ್ದಾಯಿತು. ಅಲ್ಲಿ ಮಳೆ, ಪಂದ್ಯ 33 ಓವರಿಗೆ ಇಳಿಯಿತು. ಒದ್ದೆ ಮೈದಾನದ ಮೇಲೆ ಹಾಸಿದ ಹೊದಿಕೆಗಳನ್ನೇ ನೋಡುತ್ತ ನಾವು ಕಡಲೆ ಉಸಲಿ ತಿಂದೆವು. ಹಾಗೆ ತಡವಾಗಿ ಶುರುವಾದ ಆಟದಲ್ಲಿ, ಹೊಸದಾಗಿ ನಾಯಕನಾಗಿದ್ದ ಸಚಿನ್ ಔಟಾಗದೆ 89 ಹೊಡೆದರು. 8 ವಿಕೆಟ್‌ನಿಂದ ಗೆದ್ದೆವು. ಪೆಂಡಾಲಿನಲ್ಲಿ ಎದ್ದ ಕೂಗಿಗೆ ಗಣಪತಿಯ ಕೊರಳ ಗರಿಕೆ ಹಾರ ಅಲುಗಿತೆಂದು ಹುಡುಗನೊಬ್ಬ ಬಹಳ ದಿನ ಹೇಳಿಕೊಂಡು ತಿರುಗುತ್ತಿದ್ದ. ಫ್ಯಾನಿನ ಗಾಳಿಯಿದ್ದೀತು.

ಮಾವ ಸ್ಕೋರ್ ಬರೆಯುತ್ತಿದ್ದರು. ಬರೆಯುವವರು ಬೇಕಾದಷ್ಟು ಜನ ಇದ್ದಾರು; ಇವರ ಪುಸ್ತಕ ಮಾತ್ರ ಬೇರೆ ಥರ. ಮಂಡಿಯಲ್ಲಿ ಅರ್ಧ ಬಳಸಿ ಬಿಟ್ಟ ಒಂದು ಕಿರ್ದಿ ಪುಸ್ತಕ, ಉದ್ದನೆಯದು, ಕೆಂಪು ಬಟ್ಟೆಯ ರಟ್ಟು. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ನಾವು ಹೊಡೆದ ರನ್ನು ಜಮಾಕ್ಕೆ, ಬಿದ್ದ ವಿಕೆಟ್ಟು ಖರ್ಚಿಗೆ. ಪ್ರತಿ ವಿಕೆಟ್ಟಿನ ಎದುರು ಬಾಬ್ತು ಬರೆಯುತ್ತಿದ್ದರು: 'ಸೋಮಾರಿ ಹೊಡೆತದ ಬಾಬ್ತು', 'ಒಳ್ಳೆ ಎಸೆತದ ಬಾಬ್ತು', 'ಅಂಪೈರ್ ಬಾಬ್ತು'. ಎದುರಾಳಿಯ ಇನಿಂಗ್ಸಿಗೆ ಇದೇ ಲೆಕ್ಕ ತಿರುವುಮುರುವು. ರಾತ್ರಿ ಎರಡಾಗಲಿ, ಮೂರಾಗಲಿ, ಪಂದ್ಯ ಮುಗಿದ ಮೇಲೆ ಅಡ್ಡಗೆರೆ ಎಳೆದು ಕೆಳಗೆ 'ಆಖೈರು ಶಿಲ್ಕು' ಎಂದು ಸರಣಿಯ ಸ್ಥಿತಿ ನಮೂದಿಸಬೇಕು. ಮಾರನೆಯ ದಿನದ ಪುಟದ ನೆತ್ತಿಗೆ ಅದನ್ನೇ 'ಆರಂಭ ಶಿಲ್ಕು' ಎಂದು ಎತ್ತಿ ಬರೆಯಬೇಕು. ಹಾಗೆ ಬರೆಯದೆ ಅವರು ಮಲಗಿದ್ದನ್ನು ನಾನು ಕಂಡಿಲ್ಲ.

ಮರುದಿನವೇ ಎರಡನೇ ಪಂದ್ಯ. ಆ ಬೇಸಿಗೆಯಲ್ಲಷ್ಟೇ ಭಾರತ ತಂಡಕ್ಕೆ ಬಂದಿದ್ದ ರಾಹುಲ್ ದ್ರಾವಿಡ್ 90 ಹೊಡೆದರು. ಇಂದಿರಾನಗರದ ಹುಡುಗ, ಮುಖದಲ್ಲಿ ಇನ್ನೂ ಎಳಸುತನ. ಆಡುವುದು ಮಾತ್ರ ಮನೆ ಕಟ್ಟಿ ಮಕ್ಕಳ ಮದುವೆ ಮಾಡಿ ಮುಗಿಸಿದವರ ನಿಧಾನದಲ್ಲಿ. ಅಜರುದ್ದೀನ್ ಜೊತೆಗಿದ್ದರು. 264 ರನ್ನು ಆ ಕಾಲಕ್ಕೆ ಸಣ್ಣದಲ್ಲ. ಆದರೂ ಪಾಕಿಸ್ತಾನದವರು ಎಳೆದೂ ಎಳೆದೂ 2 ವಿಕೆಟ್‌ನಿಂದ ಗೆದ್ದರು. ನನಗೆ ಅಳು ಬರುವಷ್ಟು ಸಿಟ್ಟು. ಮಾವ ಕಿರ್ದಿ ಮುಚ್ಚುತ್ತ, "ಸೋತ್ರೆ ಸೋತ್ವಪ್ಪ. ನಾಳೆ ಇನ್ನೊಂದು ಮ್ಯಾಚಿದೆ. ಹೋಗಿ ಮಲಕ್ಕೋ," ಎಂದರು.

ನಿಜವಾಗಿಯೂ ಇತ್ತು. ಮೂರನೆಯ ದಿನ ಮೂರನೆಯ ಪಂದ್ಯ. ಅದರಲ್ಲಿ ನಾವು 55 ರನ್ನಿನಿಂದ ಗೆದ್ದೆವು. ಮಂಡಿಯ ಹರಾಜಿನ ದಿನ ಅದು. ಬೆಳಗಿನ ಜಾವ ಮಲಗಿ ಎದ್ದು ಹೋಗಿದ್ದ ಮಾವ ಸಂಜೆ ಅಂಗಿಯನ್ನೂ ಬಿಚ್ಚದೆ ಬಂದು ಕೂತಿದ್ದರು. ಶ್ರೀನಾಥ್, ಪ್ರಸಾದ್, ಕುಂಬ್ಳೆ, ದ್ರಾವಿಡ್ ನಾಲ್ವರೂ ಇದ್ದ ಕಾಲ. ಟೊರಾಂಟೊದ ಸೆಪ್ಟೆಂಬರಿನಲ್ಲಿ ಬೆಳಗಿನ ಪಿಚ್ಚು ಹಸಿಹಸಿ. ಚೆಂಡು ಒಂದು ಕಡೆ ಬಿದ್ದು ಇನ್ನೊಂದು ಕಡೆ ಹೋಗುತ್ತಿತ್ತು. ಇನ್ನೂರು ದಾಟಿದರೆ ಸಾಕು, ಗೆಲ್ಲುವ ಆಸೆ ಇಟ್ಟುಕೊಳ್ಳಬಹುದಿತ್ತು. ಕೊನೆಗೆ ಮುಷ್ತಾಕ್ ಅಹ್ಮದ್ ಐದು ವಿಕೆಟ್ ಕಿತ್ತು ಐದನೆಯ ಪಂದ್ಯವನ್ನೂ ಸರಣಿಯನ್ನೂ ತಮ್ಮ ಕಡೆಗೆ ಒಯ್ದರು. ಪಾಕಿಸ್ತಾನಕ್ಕೆ 3, ನಮಗೆ 2. ಸರಣಿಯ ಆಟಗಾರ ಮಾತ್ರ ಸೋತ ತಂಡದ ಅನಿಲ್ ಕುಂಬ್ಳೆ. ಮಾವ ಆಖೈರು ಶಿಲ್ಕು ಬರೆದು, ಪಕ್ಕದಲ್ಲಿ 'ಕುಂಬ್ಳೆ ಬಾಬ್ತು ಲಾಭ' ಎಂದು ಸೇರಿಸಿದರು.

ಸೋಲಿನ ಆಯುಸ್ಸು ಇಪ್ಪತ್ತನಾಲ್ಕು ತಾಸು ಆಗಿದ್ದರೆ ಮನುಷ್ಯ ಎಷ್ಟು ಸಭ್ಯನಾಗಿರುತ್ತಾನೆ ಎಂಬುದನ್ನು ನಾನು ಆ ಬೀದಿಯಲ್ಲಿ ನೋಡಿದ್ದೇನೆ. ಯಾರೂ ಟಿ.ವಿ. ಒಡೆಯಲಿಲ್ಲ, ಯಾರ ಪ್ರತಿಕೃತಿಯೂ ಉರಿಯಲಿಲ್ಲ. ಬೀದಿಯ ಮೂಲೆಯ ಸೈಕಲ್ ಶಾಪಿನ ಸಾಬರು ಯಾವ ಸಂಕೋಚವೂ ಇಲ್ಲದೆ ವಾಸಿಂ ಅಕ್ರಮ್ ಬೌಲಿಂಗನ್ನು ಹೊಗಳುತ್ತಿದ್ದರು. ಮಾವ ಅವರಿಗಿಂತ ಒಂದು ಪಟ್ಟು ಹೆಚ್ಚಾಗಿ ಹೊಗಳಿ, "ಆದ್ರೂ ನಮ್ಮ ಶ್ರೀನಾಥ್ ಮೈಸೂರಿನವನು, ಬೆಣ್ಣೆ ತಿಂದು ಬೆಳೆದೋನು," ಎನ್ನುತ್ತಿದ್ದರು. ಶ್ರೀನಾಥ್ ಸಸ್ಯಾಹಾರಿ ಎಂಬುದು ಆ ಕಾಲದಲ್ಲಿ ಕರ್ನಾಟಕದ ಮನೆಮನೆಯ ಹೆಮ್ಮೆ.

1997ರದು ಬೇರೆ ಕಥೆ. ಶ್ರೀನಾಥ್ ಭುಜದ ನೋವಿನಿಂದ ಹೊರಗಿದ್ದರು, ಪ್ರಸಾದ್, ಕುಂಬ್ಳೆ ಇಬ್ಬರೂ ಇರಲಿಲ್ಲ. ದೇಬಾಶಿಶ್ ಮೊಹಂತಿ, ಹರ್ವಿಂದರ್ ಸಿಂಗ್, ಅಬೆ ಕುರುವಿಲ್ಲಾ ಎಂಬ ಹೊಸ ಹೆಸರುಗಳನ್ನು ಕಿರ್ದಿಗೆ ಹತ್ತಿಸುವಾಗ ಮಾವನ ಕೈ ತಡೆದಿತ್ತು. ಗೆದ್ದದ್ದು ಆ ವರ್ಷವೇ, 4–1. ಸೌರವ್ ಗಂಗೂಲಿ ಎಂಬ ಬಂಗಾಳಿ ಬಾಬು ಸಂಜೆಯ ವಾಯುವಿಹಾರಕ್ಕೆ ಹೊರಟವರಂತೆ ಓಡಿ ಬಂದು ಚೆಂಡು ಹಾಕುತ್ತಿದ್ದರು. ಪಾಕಿಸ್ತಾನದ ಬ್ಯಾಟಿಂಗು ಅದಕ್ಕೇ ಮುಗ್ಗರಿಸುತ್ತಿತ್ತು. ಒಂದು ಪಂದ್ಯದಲ್ಲಿ 16 ರನ್ನಿಗೆ 5 ವಿಕೆಟ್. ಇಡೀ ಸರಣಿಯಲ್ಲಿ 222 ರನ್ನು, 15 ವಿಕೆಟ್ಟು, ಸಾಲಾಗಿ ನಾಲ್ಕು ಸಲ ಪಂದ್ಯಪುರುಷ. ಇದು ಬೌಲಿಂಗೋ, ಕಣ್ಕಟ್ಟೋ ಎಂಬ ಚರ್ಚೆ ಮಂಡಿಯಲ್ಲಿ ದೀಪಾವಳಿಯವರೆಗೂ ನಡೆಯಿತು.

ಅದೇ ವರ್ಷ, ಸೆಪ್ಟೆಂಬರ್ 14ರ ಭಾನುವಾರ, ಸ್ಟ್ಯಾಂಡಿನಲ್ಲಿದ್ದ ಒಬ್ಬ ಮೆಗಾಫೋನ್ ಹಿಡಿದು ಇಂಜಮಾಮ್ ಉಲ್ ಹಕ್ ಅವರನ್ನು 'ಆಲೂ' ಎಂದು ಕೂಗಿ ಕೂಗಿ ಕಾಡಿದ. ಬೌಂಡರಿಯ ಬಳಿ ಫೀಲ್ಡಿಂಗ್ ನಿಂತಿದ್ದ ಆ ದೊಡ್ಡ ಆಳು ಮೊದಲು ಸಹಿಸಿದರು, ಆಮೇಲೆ ಬ್ಯಾಟು ತರಿಸಿಕೊಂಡು ನೇರ ಜನರೊಳಗೆ ನುಗ್ಗಿದರು. ಬಿಡಿಸುವ ಹೊತ್ತಿಗೆ ಸಾಕುಬೇಕಾಯಿತು. ಅವರಿಗೆ ಎರಡು ಪಂದ್ಯ ನಿಷೇಧ. ನಮ್ಮ ಬೀದಿಯ ಹುಡುಗರು ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಮಾವ ನಗಲಿಲ್ಲ. "ಆಟ ಬಯ್ಯಿ, ಆಟಗಾರನ ಹೊಟ್ಟೆ ಬಯ್ಯಬೇಡ. ಹಾಗೆ ಕೂಗೋನಿಗೆ ನಮ್ಮ ಬಾವುಟ ಹಿಡಿಯೋ ಹಕ್ಕು ಯಾರು ಕೊಟ್ಟರು?" ಎಂದು ಟಿ.ವಿ.ಯ ಸದ್ದು ಇಳಿಸಿದರು. ಅಂದು ಪಾಕಿಸ್ತಾನ 116ಕ್ಕೆ ಮುಗಿದಿತ್ತು, ನಾವು ಸುಲಭವಾಗಿ ಗೆದ್ದೆವು. ಕಿರ್ದಿಯಲ್ಲಿ ಮಾತ್ರ ಗೆಲುವಿನ ಸಂಭ್ರಮವಿರಲಿಲ್ಲ. 'ಮರ್ಯಾದೆ ಬಾಬ್ತು ಖರ್ಚು' ಎಂದು ಒಂದು ಸಾಲು ಬಿದ್ದಿತ್ತು. ಟೊರಾಂಟೊ ಎಂದೊಡನೆ ಇವತ್ತಿಗೂ ಎಲ್ಲರಿಗೂ ನೆನಪಾಗುವುದು ಆ ಮೆಗಾಫೋನೇ. ಐದು ಪಂದ್ಯದ ಒಳ್ಳೆಯ ಆಟ ಒಬ್ಬನ ಬಾಯಿಯಲ್ಲಿ ಕರಗಿಹೋಯಿತು.

1998ರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದೇ ಸೆಪ್ಟೆಂಬರಿಗೆ ಕ್ವಾಲಾಲಂಪುರದಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ ಬಿತ್ತು, ಅಲ್ಲೂ ಕ್ರಿಕೆಟ್ ಇಟ್ಟಿದ್ದರು. ತಂಡವನ್ನು ಎರಡು ಹೋಳು ಮಾಡಿ ಒಂದನ್ನು ಅಲ್ಲಿಗೆ, ಒಂದನ್ನು ಟೊರಾಂಟೊಗೆ ಕಳಿಸಿದರು. ಸಚಿನ್, ಕುಂಬ್ಳೆ ಮಲೇಷ್ಯಾಕ್ಕೆ. ಅಜರ್, ದ್ರಾವಿಡ್ ಕೆನಡಾಕ್ಕೆ. ಎರಡು ಕಡೆಯೂ ಸಿಕ್ಕಿದ್ದು ಅಷ್ಟಕ್ಕಷ್ಟೆ. ಟೊರಾಂಟೊದಲ್ಲಿ 4–1ರಿಂದ ಸೋತೆವು. ಹಿಂದಿನ ವರ್ಷದ ಲೆಕ್ಕ ಅವರು ಚುಕ್ತಾ ಮಾಡಿದರು, ಅಷ್ಟೆ. ಮುಂದಿನ ಸೆಪ್ಟೆಂಬರಿಗೆ ನೋಡಿಕೊಳ್ಳೋಣ ಎಂದುಕೊಂಡೆವು.

ಮುಂದಿನ ಸೆಪ್ಟೆಂಬರಿನ ಮುಂಚೆ ಕಾರ್ಗಿಲ್ ಬಂತು. ಯುದ್ಧ ನಡೆಯುತ್ತಿರುವಾಗಲೇ, 1999ರ ಜೂನ್ 8ರಂದು, ವಿಶ್ವಕಪ್ಪಿನ ಪಂದ್ಯಕ್ಕೆ ಎರಡೂ ತಂಡ ಮ್ಯಾಂಚೆಸ್ಟರಿನಲ್ಲಿ ಎದುರಾದವು. ಪ್ರಸಾದ್ 27 ರನ್ನಿಗೆ 5 ವಿಕೆಟ್ ತೆಗೆದರು. ನಮ್ಮವರು ಗೆದ್ದರು. ಆ ರಾತ್ರಿ ಮಾವ ಸ್ಕೋರ್ ಬರೆಯಲಿಲ್ಲ. ಪತ್ರಿಕೆಯ ಮುಖಪುಟದಲ್ಲಿ ದಿನವೂ ಹುತಾತ್ಮ ಯೋಧರ ಫೋಟೊ ಬರುತ್ತಿದ್ದ ತಿಂಗಳು. ಆಟದ ಲೆಕ್ಕ ಬರೆಯಲು ಅವರ ಮನಸ್ಸು ಒಪ್ಪಲಿಲ್ಲ. ಅದನ್ನು ನಾನು ಅಂದೂ ತಪ್ಪೆನ್ನಲಿಲ್ಲ, ಇಂದೂ ಅನ್ನುವುದಿಲ್ಲ. ಸತ್ತವರ ಮನೆಯ ಮುಂದೆ ನಿಂತು 'ಆಟ ಬೇರೆ, ರಾಜಕೀಯ ಬೇರೆ' ಎಂದು ಉಪದೇಶ ಮಾಡುವ ಧೈರ್ಯ ನನಗಿಲ್ಲ.

ಆ ಸೆಪ್ಟೆಂಬರಿನಲ್ಲಿ ಟೊರಾಂಟೊ ಖಾಲಿಯೇನೂ ಇರಲಿಲ್ಲ. ವೆಸ್ಟ್ ಇಂಡೀಸ್ ತಂಡವನ್ನು ಕರೆಸಿ ಭಾರತದೊಡನೆ ಮೂರು ಪಂದ್ಯ, ಪಾಕಿಸ್ತಾನದೊಡನೆ ಮೂರು ಪಂದ್ಯ ಆಡಿಸಿದರು. ನಾವು ಆಡಿ ಬಿಟ್ಟ ಪಿಚ್ಚಿನಲ್ಲೇ ಅವರು ಬಂದು ಆಡಿದರು. ಎದುರುಬದುರು ಮಾತ್ರ ಆಗಲಿಲ್ಲ. ನಾವು 2–1ರಿಂದ ಗೆದ್ದೆವು, ಯಾರೂ ಟಿ.ವಿ.ಯನ್ನು ಪೆಂಡಾಲಿಗೆ ಹೊರಲಿಲ್ಲ. 2000ದಲ್ಲಿ ಮತ್ತೆ ಪಾಕಿಸ್ತಾನದೊಡನೆ ಆಡಲು ಸರ್ಕಾರದ ಒಪ್ಪಿಗೆ ಸಿಗಲಿಲ್ಲ. ಟೊರಾಂಟೊ, ಸಿಂಗಪುರ, ಶಾರ್ಜಾಗಳಂಥ ಜಾಗಕ್ಕೆ ನಮ್ಮ ತಂಡ ಹೋಗುವುದೇ ಬೇಡ ಎಂಬ ನಿಲುವು ಮರುವರ್ಷ ಬಂತು. ಅಲ್ಲಿಗೆ ಮುಗಿಯಿತು.

ಸರಣಿ ನಿಂತದ್ದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು ಕಡೆಯಿಂದ ಬಿದ್ದಿತ್ತು. 2000ದ ಏಪ್ರಿಲಿನಲ್ಲಿ ದೆಹಲಿ ಪೊಲೀಸರು ದಕ್ಷಿಣ ಆಫ್ರಿಕಾದ ನಾಯಕ ಹ್ಯಾನ್ಸಿ ಕ್ರೋನಿಯೆಯ ಮ್ಯಾಚ್ ಫಿಕ್ಸಿಂಗಿನ ಫೋನ್ ಮಾತುಗಳನ್ನು ಹೊರಗಿಟ್ಟರು. ಅದಾದ ಮೇಲೆ ಲಾಹೋರಿನ ನ್ಯಾಯಮೂರ್ತಿ ಖಯ್ಯೂಮ್ ವರದಿ, ನಮ್ಮ ಸಿಬಿಐ ವರದಿ. ನಿನ್ನೆಯವರೆಗೆ ಗೋಡೆಯ ಮೇಲಿದ್ದ ಫೋಟೊಗಳು ಒಂದೊಂದಾಗಿ ಇಳಿದವು. ಟೊರಾಂಟೊದ ಯಾವ ಪಂದ್ಯದ ಮೇಲೂ ಬೆರಳಿಡುವ ಆಧಾರ ನನ್ನಲ್ಲಿಲ್ಲ, ಇಡುವುದೂ ಇಲ್ಲ. ಆದರೆ ಸಂಶಯಕ್ಕೆ ಆಧಾರ ಬೇಡ. ಒಂದು ಸಂಜೆ ಮಾವ ಕಿರ್ದಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. "ಮಂಡೀಲಿ ಒಂದು ಕಡೆ ಸುಳ್ಳು ಲೆಕ್ಕ ಸಿಕ್ತು ಅಂದ್ರೆ ಹಿಂದಿನ ಅಷ್ಟೂ ಪುಟ ತೆಗೆದು ತಾಳೆ ನೋಡ್ತೀವಿ. ಇದನ್ನ ಯಾವುದರ ಜೊತೆ ತಾಳೆ ನೋಡ್ಲಿ?" ಎಂದರು. 'ಸೋಮಾರಿ ಹೊಡೆತದ ಬಾಬ್ತು' ಎಂದು ತಾವೇ ಬರೆದ ಸಾಲುಗಳ ಮೇಲೆ ಅವರ ಬೆರಳು ನಿಂತಿತ್ತು. ಸೋಮಾರಿತನವೋ, ಮತ್ತೇನೋ? ಅದುವರೆಗೆ ಬೈದುಕೊಂಡೂ ಪ್ರೀತಿಯಿಂದ ನೆನೆಯಬಹುದಾಗಿದ್ದ ಸೋಲುಗಳು ಆ ಸಂಜೆಯಿಂದ ಹಾಗೆ ಉಳಿಯಲಿಲ್ಲ. ಮುಂದೆ ಬರುವುದನ್ನು ಕಳೆದುಕೊಂಡರೆ ತಡೆದುಕೊಳ್ಳಬಹುದು, ಆಗಿಹೋದದ್ದನ್ನೂ ಕಳೆದುಕೊಳ್ಳುವುದು ಕಷ್ಟ. ಆ ಕಿರ್ದಿಯಲ್ಲಿ ಅವರು ಮತ್ತೆ ಬರೆದದ್ದು ಒಂದೇ ಸಲ.

ಅದು 2006ರ ಏಪ್ರಿಲ್. ಅಬುಧಾಬಿಯಲ್ಲಿ ಭಾರತ–ಪಾಕಿಸ್ತಾನ ಎರಡೇ ಎರಡು ಪಂದ್ಯ, 18 ಮತ್ತು 19ರಂದು. ಹಿಂದಿನ ವರ್ಷದ ಭೂಕಂಪದಲ್ಲಿ ನೊಂದವರ ನೆರವಿಗೆಂದು ಏರ್ಪಾಟಾದದ್ದು. ಅಣ್ಣಾವ್ರು ರಾಜ್‌ಕುಮಾರ್ ತೀರಿಕೊಂಡು ವಾರ ತುಂಬಿರಲಿಲ್ಲ. ಬೀದಿಗಳಲ್ಲಿ ಇನ್ನೂ ಹೂಹಾರ ಹಾಕಿದ ಫೋಟೊಗಳಿದ್ದವು, ಯಾರಿಗೂ ಆಟ ನೋಡುವ ಮನಸ್ಸಿರಲಿಲ್ಲ. ದ್ರಾವಿಡ್ ನಾಯಕ ಎಂಬ ಒಂದೇ ಕಾರಣಕ್ಕೆ ಮಾವ ಟಿ.ವಿ. ಹಾಕಿದರು. ಮೊದಲನೆಯದು ಸೋತೆವು. ಎರಡನೆಯದರಲ್ಲಿ ದ್ರಾವಿಡ್ 92 ಹೊಡೆದರು, ಗೆದ್ದೆವು. 1–1. "ಮೂರನೇದು ಯಾವಾಗ?" ಎಂದು ಕೇಳಿದರು. ಇಲ್ಲ ಮಾವ, ಇಷ್ಟೇ ಎಂದೆ. "ಸಮ ಅಂತ ಬಿಟ್ಟು ಎದ್ದು ಹೋಗೋದೇನೋ?" ಎಂದು ಗೊಣಗಿ, ಆಖೈರು ಶಿಲ್ಕು ಬರೆದರು. ಮುಂದಿನ ಪುಟದ ನೆತ್ತಿಗೆ ಅದನ್ನು ಎತ್ತಿ ಬರೆಯಲಿಲ್ಲ.

2009ರಲ್ಲಿ ಮಾವ ಹೋದರು. ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇತ್ತು, ಕೊನೆಗೆ ಕಣ್ಣೂ ಮಂಜಾಗಿತ್ತು. ಮನೆಯನ್ನು ಮಾರಿ ಅತ್ತೆ ಮಗಳ ಮನೆಗೆ ಬೆಂಗಳೂರಿಗೆ ಬಂದರು. ಸಾಮಾನು ಖಾಲಿ ಮಾಡುವಾಗ ಅಟ್ಟದ ಮೇಲಿದ್ದ ಮಂಡಿಯ ಹಳೆಯ ಲೆಕ್ಕದ ಪುಸ್ತಕಗಳನ್ನು ತೂಕಕ್ಕೆ ಹಾಕಿದರು. ಅವುಗಳ ನಡುವೆ ಇದೂ ಹೋಯಿತು. ಅತ್ತೆಯನ್ನು ಕೇಳಿದರೆ, "ಎಲ್ಲ ಕೆಂಪು ರಟ್ಟೇ ಅಲ್ವೇನಪ್ಪ, ನನಗೇನು ಗೊತ್ತು," ಎಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ರಾತ್ರಿ ಅವಲಕ್ಕಿ ಮಾಡೋಕೆ ಈಗ ಯಾರೂ ಹೇಳಲ್ಲ," ಎಂದರು. ಆಟದ ಬಗ್ಗೆ ಒಳ್ಳೆಯ ಮಾತು ಅವರ ಬಾಯಲ್ಲಿ ಬಂದದ್ದು ಅದೊಂದೇ ಇರಬೇಕು.

ಟೊರಾಂಟೊದ ಆ ಕ್ಲಬ್ಬು ಹಾಗೆಯೇ ಇದೆ. ಸದಸ್ಯರು ಬಿಳಿ ಬಟ್ಟೆ ಹಾಕಿ ಆಡುತ್ತಾರಂತೆ. ಕೆನಡಾದ ಕ್ರಿಕೆಟ್ ಕಿಂಗ್ ಸಿಟಿಗೆ, ಬ್ರಾಂಪ್ಟನ್‌ಗೆ ಸರಿದಿದೆ. 2019ರಲ್ಲಿ ಯುವರಾಜ್ ಸಿಂಗ್ ನಿವೃತ್ತಿಯಾದ ಬೆನ್ನಿಗೇ ಬ್ರಾಂಪ್ಟನ್ನಿನಲ್ಲಿ ಟಿ20 ಆಡಿ ಬಂದರು. ಅಲ್ಲಿನ ಮಕ್ಕಳಿಗೆ ಸಹಾರಾ ಕಪ್ ಎಂದರೆ ಏನೂ ಅಲ್ಲ. ನಮ್ಮ ಮಕ್ಕಳಿಗೂ ಅಲ್ಲ.

ಈಗಲೂ ಎರಡು ತಂಡ ಎದುರಾಗುತ್ತವೆ, ಎದುರಾಗುವುದು ಮೂರನೆಯವರ ನೆಲದಲ್ಲೇ. 2025ರ ಏಷ್ಯಾ ಕಪ್ಪಿನಲ್ಲಿ ದುಬೈನಲ್ಲಿ ಮೂರು ಸಲ ಆಡಿದವು. ಸೆಪ್ಟೆಂಬರ್ 14, 21, 28, ಮೂರೂ ಭಾನುವಾರ. ಪಹಲ್ಗಾಮಿನ ಉಗ್ರರ ದಾಳಿಯ ಗಾಯ ಹಸಿಯಾಗಿತ್ತು. ಆಟಗಾರರು ಕೈ ಕುಲುಕಲಿಲ್ಲ. ಮೂರರಲ್ಲೂ ನಾವೇ ಗೆದ್ದೆವು, ಗೆದ್ದ ಕಪ್ಪನ್ನು ಕೈಗೆ ತೆಗೆದುಕೊಳ್ಳದೆಯೇ ನಮ್ಮವರು ಮೈದಾನ ಬಿಟ್ಟರು. ಸರಿಯೋ, ತಪ್ಪೋ ಎಂದು ಮನೆಮನೆಯಲ್ಲಿ ಚರ್ಚೆಯಾಯಿತು. ಅದರಲ್ಲಿ ಯಾರ ಬ್ಯಾಟಿಂಗು ಹೇಗಿತ್ತು ಎಂಬ ಮಾತು ಬಂದದ್ದನ್ನು ನಾನು ಕೇಳಲಿಲ್ಲ. ನನ್ನ ಮಗಳು ಫೈನಲ್ಲಿನ ರಾತ್ರಿ ಉಗುರು ಕಚ್ಚುತ್ತ ಕೂತಿದ್ದಳು. ಸೋತಿದ್ದರೆ ಅವಳಿಗೆ ಏನು ಹೇಳುತ್ತಿದ್ದೆ? ಮಾವ ನನಗೆ ಹೇಳಿದ್ದನ್ನು ಹೇಳುವ ಹಾಗಿರಲಿಲ್ಲ. ಒಂದೇ ಪಂದ್ಯದ ಮೇಲೆ ಎರಡು ದೇಶದ ಅಷ್ಟೂ ಸಿಟ್ಟನ್ನು ಹೇರಿದರೆ ಆಟಕ್ಕೆ ಬೆನ್ನು ನೆಟ್ಟಗೆ ನಿಂತೀತೇ? ಐದು ಪಂದ್ಯವಿದ್ದಾಗ ಸಿಟ್ಟನ್ನೂ ಐದು ಪಾಲು ಮಾಡಿಕೊಳ್ಳುತ್ತಿದ್ದೆವು. ಮೂರನೆಯ ರಾತ್ರಿಯ ಹೊತ್ತಿಗೆ ನಿದ್ದೆಗೆಟ್ಟು, ಸಿಟ್ಟು ಮಾಡಿಕೊಳ್ಳಲೂ ತ್ರಾಣವಿರುತ್ತಿರಲಿಲ್ಲ.

ಮಾವನೊಡನೆ ನಾನು ಮೈದಾನದಲ್ಲಿ ಕೂತು ಭಾರತ–ಪಾಕಿಸ್ತಾನ ಆಟ ನೋಡಿದ್ದು ಒಂದೇ ಒಂದು ದಿನ, 2007ರ ಡಿಸೆಂಬರ್ 8ರಂದು, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಕುಂಬ್ಳೆ ನಾಯಕ. ಬೆಳಗಿನ ರೈಲಿಗೆ ಅವರು ತಿಪಟೂರಿನಿಂದ ಬಂದಿದ್ದರು, ಚೀಲದಲ್ಲಿ ಅತ್ತೆ ಕಟ್ಟಿಕೊಟ್ಟ ಚಪಾತಿ; ಗೇಟಿನಲ್ಲಿ ಪೊಲೀಸರು ಒಳಗೆ ಬಿಡಲಿಲ್ಲವೆಂದು ಹೊರಗೆ ಫುಟ್‌ಪಾತಿನ ಮೇಲೆ ನಿಂತೇ ತಿಂದು ಮುಗಿಸಿದೆವು. 61ಕ್ಕೆ 4 ವಿಕೆಟ್ ಬಿದ್ದಾಗ ನಾನು ತಲೆ ಮೇಲೆ ಕೈ ಹೊತ್ತೆ. ಅಲ್ಲಿಂದ ಗಂಗೂಲಿ, ಯುವರಾಜ್ ಇಬ್ಬರು ಎಡಗೈಯವರು ಮುನ್ನೂರು ರನ್ನು ಸೇರಿಸಿದರು. ಯುವರಾಜ್ 169, ಗಂಗೂಲಿ ಮರುದಿನ 239ರವರೆಗೂ ಹೋದರು. "ಟೊರಾಂಟೊದಲ್ಲಿ ಬೌಲಿಂಗ್ ಮಾಡ್ತಿದ್ದೋನು ಇವನೇ ಅಲ್ವೇನೋ?" ಎಂದು ಮಾವ ಪಕ್ಕದವರಿಗೆಲ್ಲ ಕೇಳುವಂತೆ ಕೇಳಿದರು. ಸಂಜೆಯ ರೈಲಿಗೆ ಬಿಡಲು ಮೆಜೆಸ್ಟಿಕ್ಕಿಗೆ ಹೋದಾಗ, ಮುಂದಿನ ಸಲ ಪಾಕಿಸ್ತಾನದವರು ಬಂದಾಗ ಐದೂ ದಿನ ಇದ್ದು ನೋಡೋಣ, ಮಂಡಿಗೆ ರಜ ಹಾಕಿ ಬರ್ತೀನಿ ಎಂದರು.

ಆ ಪಂದ್ಯ ಡಿಸೆಂಬರ್ 12ರಂದು ಡ್ರಾ ಆಯಿತು. ಕೊನೆಯ ದಿನ ಕುಂಬ್ಳೆ ಐದು ವಿಕೆಟ್ ತೆಗೆದರು. ಮಂದ ಬೆಳಕಿಗೆ ಆಟ ನಿಲ್ಲಿಸಿದಾಗ ಪಾಕಿಸ್ತಾನ 7 ವಿಕೆಟ್‌ಗೆ 162. ಐದು ವರ್ಷ ಬಿಟ್ಟು ಅವರು ಬಂದು ಒಂದಷ್ಟು ಸೀಮಿತ ಓವರಿನ ಪಂದ್ಯ ಆಡಿ ಹೋದರು, ಮೊದಲನೆಯದು ಚಿನ್ನಸ್ವಾಮಿಯಲ್ಲೇ; 2013ರ ಜನವರಿ 6ಕ್ಕೆ ದೆಹಲಿಯಲ್ಲಿ ಅದೂ ಮುಗಿಯಿತು. ಎರಡೂ ದೇಶಗಳ ನಡುವೆ ಆಮೇಲೆ ಒಂದೂ ಸರಣಿ ನಡೆದಿಲ್ಲ. ಟೆಸ್ಟ್ ಪಂದ್ಯವಂತೂ ಬೆಂಗಳೂರಿನದೇ ಕೊನೆಯದು.